ರಾಗಿ ಡಬ್ಬಿಯ ಹಿಂದಿನ ತೋಟಾಗಳು

ಹೋದ ಭಾನುವಾರ ನನ್ನ ಅಂಗಿಯ ಗುಂಡಿ ಕಿತ್ತುಹೋಯಿತು. ಒಂಟಿ ಗಂಡಸಿನ ಮನೆಯಲ್ಲಿ ಗುಂಡಿ ಕಿತ್ತುಹೋಗುವುದು ಸಣ್ಣ ಸಂಗತಿಯಲ್ಲ. ಮೊದಲು ಕನ್ನಡಕ ಹುಡುಕಬೇಕು, ಆಮೇಲೆ ದಾರ, ಆಮೇಲೆ ಸೂಜಿ. ಅಷ್ಟು ಹೊತ್ತಿಗೆ ಗುಂಡಿಯನ್ನು ಎಲ್ಲಿಟ್ಟೆ ಎಂಬುದು ಮರೆತುಹೋಗಿರುತ್ತದೆ. ಇವುಗಳಲ್ಲಿ ಸೂಜಿ ಮಾತ್ರ ಬೇಗ ಸಿಗುತ್ತದೆ. ಏಕೆಂದರೆ ನಮ್ಮ ಮನೆಯ ಸೂಜಿಗಳು ಇರುವುದು ಬೆರಳುದ್ದದ ಕೆಂಪು ಪ್ಲಾಸ್ಟಿಕ್ ಕೊಳವೆಯೊಂದರಲ್ಲಿ. ಬುಡದಲ್ಲಿ ಹಿತ್ತಾಳೆಯ ಕಟ್ಟು, ಬಾಯಿಗೆ ಔಷಧಿ ಸೀಸೆಯ ಬಿರಡೆ. ನೋಡಿದವರು ಲಿಪ್‌ಸ್ಟಿಕ್ ಎಂದುಕೊಳ್ಳುತ್ತಾರೆ. ಅದು ಹಾರಿಸಿ ಖಾಲಿಯಾದ ತೋಟಾ. ಹಾರಿಸಿದವನು ನಾನು. ಅದನ್ನು ತೊಳೆದು, ಒಣಗಿಸಿ, ಸೂಜಿ ಡಬ್ಬಿ ಮಾಡಿದವಳು ನನ್ನ ಹೆಂಡತಿ ವಿಮಲಾ.

ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಮೈಸೂರಿನ ಸರಸ್ವತೀಪುರಂನಲ್ಲಿ ಬೆಳೆದವನು ನಾನು. ನಮ್ಮ ಮನೆಯಲ್ಲಿದ್ದ ಅತಿ ಭಯಂಕರ ಆಯುಧವೆಂದರೆ ಈಳಿಗೆಮಣೆ. ದೀಪಾವಳಿಯಲ್ಲಿ ತಮ್ಮಂದಿರು ಪಟಾಕಿ ಹೊಡೆಯುತ್ತಿದ್ದರೆ ನಾನು ನಡುಮನೆಯಲ್ಲಿ ಕಿವಿ ಮುಚ್ಚಿಕೊಂಡು ಕೂತು, ಓದಿಕೊಳ್ಳುತ್ತಿದ್ದೇನೆಂದು ಸುಳ್ಳು ಹೇಳುತ್ತಿದ್ದೆ. ದಸರಾ ವಸ್ತುಪ್ರದರ್ಶನದಲ್ಲಿ ಒಮ್ಮೆ ಗಾಳಿಕೋವಿಯಿಂದ ಬಲೂನಿಗೆ ಗುರಿಯಿಟ್ಟು, ಪಕ್ಕದಲ್ಲಿ ತೂಗುಹಾಕಿದ್ದ ಪೆಟ್ರೋಮ್ಯಾಕ್ಸ್ ದೀಪಕ್ಕೆ ಹೊಡೆದೆ. ಅಂಗಡಿಯವನು ಏನಾದರೂ ಅನ್ನುವುದಕ್ಕೆ ಮೊದಲೇ ಅಪ್ಪ ಕೈಮುಗಿದು, ಹುಡುಗನಿಗೆ ಕಣ್ಣು ಸ್ವಲ್ಪ ಮಂದ ಎಂದು ಹೇಳಿ ನನ್ನನ್ನು ಎಳೆದುಕೊಂಡು ಬಂದರು. ಮರುದಿನ ನಿಜವಾಗಿಯೂ ಕಣ್ಣು ಪರೀಕ್ಷೆ ಮಾಡಿಸಿದರು. ಅಪ್ಪನ ಸುಳ್ಳು ನಿಜವಾಗಿತ್ತು. ಅಂದಿನಿಂದ ನನಗೆ ಕನ್ನಡಕ.

ಇಂಥ ನಾನು, ಕೆಲಸಕ್ಕೆಂದು ಬಂದು ನೆಲೆಸಿದ ನೈರೋಬಿಯಲ್ಲಿ, ಪರವಾನಗಿ ಪಡೆದು ರಿವಾಲ್ವರ್ ಇಟ್ಟುಕೊಂಡಿದ್ದೆ. ಅದೂ ಸಾಮಾನ್ಯ ರಿವಾಲ್ವರಲ್ಲ. ಅದಕ್ಕೆ ಎರಡು ಬಗೆಯ ಆಹಾರ. ಪೊಲೀಸರ ರಿವಾಲ್ವರಿಗೆ ಹಾಕುವಂಥ ದಪ್ಪ ಹಿತ್ತಾಳೆಯ ಗುಂಡನ್ನೂ ಹಾಕಬಹುದು; ಹಕ್ಕಿ ಹೊಡೆಯುವ ಕೋವಿಗೆ ಹಾಕುವಂಥ, ಒಳಗೆಲ್ಲ ಸಾಸಿವೆ ಗಾತ್ರದ ಸೀಸದ ಚರೆ ತುಂಬಿದ ಕೆಂಪು ತೋಟಾವನ್ನೂ ಹಾಕಬಹುದು. ಅದಕ್ಕಾಗಿ ಅದರ ಹೊಟ್ಟೆಯನ್ನು ಉದ್ದ ಮಾಡಿದ್ದರು. ಹೀಗಾಗಿ ನೋಡಲು ವಿಕಾರವಾಗಿತ್ತು, ಎಮ್ಮೆಯ ಮೈಗೆ ಕುರಿಯ ತಲೆ ಅಂಟಿಸಿದ ಹಾಗೆ. ನನ್ನ ಸ್ನೇಹಿತ ಫೆಲಿಕ್ಸ್ ಅದನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ, ಇದು ವೆಜ್ಜೂ ನಾನ್‌ವೆಜ್ಜೂ ಎರಡೂ ಸಿಗುವ ಹೋಟೆಲಿನ ಹಾಗೆ ಉಂಟು ಎಂದ.

ಫೆಲಿಕ್ಸ್ ಯಾರೆಂದು ಹೇಳಿಬಿಡುತ್ತೇನೆ. ಕಾರ್ಕಳದ ಕಡೆಯವನು, ವೆಸ್ಟ್‌ಲ್ಯಾಂಡ್ಸಿನಲ್ಲಿ ಔಷಧಿ ಅಂಗಡಿ, ಸ್ಪ್ರಿಂಗ್ ವ್ಯಾಲಿಯಲ್ಲಿ ಮನೆ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಸ್ವಾಹಿಲಿ, ನನ್ನ ಹತ್ತಿರ ಮಂಗಳೂರು ಕನ್ನಡ. ಚಿಕ್ಕಂದಿನಲ್ಲಿ ತನ್ನ ತಂದೆಯ ಜೊತೆ ಕಾಡುಹಂದಿಯ ಬೇಟೆಗೆ ಹೋಗುತ್ತಿದ್ದನಂತೆ. ಕೋವಿಯ ವಿಷಯದಲ್ಲಿ ಅವನು ಹೇಳಿದ್ದೇ ವೇದ. ನಾನು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಪಾಠ ಹೇಳುವವನು. ಮಣ್ಣು ಯಾರಿಗೂ ಗುರಿಯಿಡುವುದಿಲ್ಲ.

ರಿವಾಲ್ವರ್ ಬಂದ ಕಾರಣ ಹೇಳಬೇಕು. ತೊಂಬತ್ತರ ದಶಕದ ಮೊದಲ ವರ್ಷಗಳವು. ಆಗ ನಾವು ಲೊರೆಶೋದಲ್ಲಿ ಇದ್ದೆವು. ಶಾಂತವಾದ ಬಡಾವಣೆ, ಬೇಲಿಗೆ ಬೋಗನ್‌ವಿಲ್ಲಾ, ಹಿತ್ತಿಲಲ್ಲಿ ಎರಡು ಅವಕಾಡೊ ಮರ. ಆದರೆ ನೈರೋಬಿಯ ಮನೆಗಳಲ್ಲಿ ಮಲಗುವ ಕೋಣೆಗಳಿಗೆ ಹೋಗುವ ಓಣಿಗೆ ಅಡ್ಡಲಾಗಿ ಕಬ್ಬಿಣದ ಗೇಟೊಂದು ಇರುತ್ತದೆ. ಊರಿಂದ ಬಂದ ನೆಂಟರು ಅದನ್ನು ನೋಡಿ, ಮನೆಯೊಳಗೇ ಯಾಕೆ ಜೈಲು ಎಂದು ಕೇಳುತ್ತಾರೆ. ಒಂದು ಮಧ್ಯಾಹ್ನ ನಾನು ಕಾಲೇಜಿನಲ್ಲಿದ್ದಾಗ, ಕರೆಂಟಿನ ಮೀಟರ್ ನೋಡಲು ಬಂದಿದ್ದೇವೆಂದು ನಾಲ್ಕು ಜನ ಮನೆಗೆ ನುಗ್ಗಿದರು. ಕೈಯಲ್ಲಿ ಮಚ್ಚು. ಮಗಳು ರೂಪಾ ಜ್ವರವೆಂದು ಅವತ್ತು ಶಾಲೆಗೆ ಹೋಗಿರಲಿಲ್ಲ. ಆಗವಳಿಗೆ ಹತ್ತೋ ಹನ್ನೊಂದೋ. ವಿಮಲಾ ಅವಳನ್ನು ಎತ್ತಿಕೊಂಡು ಓಡಿ, ಆ ಗೇಟಿಗೆ ಬೀಗ ಹಾಕಿ, ಒಳಕೋಣೆಯ ಮಂಚದ ಹಿಂದೆ ಕೂತಳು. ಬಂದವರು ಟೀವಿ, ಮಿಕ್ಸಿ, ಪ್ರೆಷರ್ ಕುಕ್ಕರ್, ಕಂಬಳಿಗಳು, ನನ್ನ ಎರಡು ಸೂಟು ಹೊತ್ತುಕೊಂಡು ಹೋದರು.

ಮರುದಿನ ಅಡುಗೆಮನೆ ಗುಡಿಸುತ್ತಿದ್ದ ವಿಮಲಾಗೆ ಕುಕ್ಕರಿನ ವೆಯ್ಟ್ ಸಿಕ್ಕಿತು. "ಇದನ್ನ ಬಿಟ್ಟುಹೋಗಿದಾರಲ್ರೀ," ಎಂದಳು. "ಪಾಪ, ಅನ್ನ ಹೇಗೆ ಮಾಡ್ಕೋತಾರೋ."

ಅವಳು ಹಾಗೆ. ಆದರೆ ಆ ಸಂಜೆ ಕಾಫಿ ಮಾಡುವುದರೊಳಗೆ ಮೂರು ಸಲ ಹೋಗಿ ಓಣಿಯ ಗೇಟಿನ ಬೀಗ ಎಳೆದು ನೋಡಿದಳು. ನಾನು ಫೆಲಿಕ್ಸನಿಗೆ ಫೋನ್ ಮಾಡಿದೆ. ಅವನ ಅಂಗಡಿಗೆ ಬರುತ್ತಿದ್ದ ಮುದುಕ ಇಂಗ್ಲಿಷ್ ಇಂಜಿನಿಯರೊಬ್ಬ ತನ್ನ ರಿವಾಲ್ವರ್ ಮಾರಿ ದೇಶ ಬಿಟ್ಟು ಹೊರಟಿದ್ದ. ಕಾಡುಮೇಡಿನಲ್ಲಿ ರಸ್ತೆ ಅಳೆಯುವಾಗ ಹಾವಿಗೂ ಇರಲಿ, ದೊಡ್ಡ ಪ್ರಾಣಿಗೂ ಇರಲಿ ಎಂದು ಅಮೆರಿಕದಿಂದ ಅದನ್ನು ತರಿಸಿಕೊಂಡಿದ್ದನಂತೆ. ಪರವಾನಗಿ ಕೊಡುವ ಮೊದಲು ಪೊಲೀಸ್ ಅಧಿಕಾರಿ, ಹಿಂದೆ ಯಾವತ್ತಾದರೂ ಕೋವಿ ಹಾರಿಸಿದ ಅನುಭವವಿದೆಯೇ ಎಂದು ಕೇಳಿದರು. ಇದೆ ಎಂದೆ. ಏನನ್ನು ಹೊಡೆದಿರಿ ಎಂದು ಅವರು ಕೇಳಲಿಲ್ಲ; ಅದು ನನ್ನ ಅದೃಷ್ಟ.

ಫೆಲಿಕ್ಸ್ ಊಟದ ಮೇಜಿನ ಮೇಲೆ ಪತ್ರಿಕೆ ಹಾಸಿ ನನಗೆ ಪಾಠ ಮಾಡಿದ. ತೋಟಾ ಕೂರುವ ಮನೆಗಳಲ್ಲಿ ಮೊದಲನೆಯದಕ್ಕೆ ಚರೆಯದು, ಉಳಿದವಕ್ಕೆ ಗುಂಡು. ಮೊದಲಿನದ್ದಕ್ಕೇ ಓಡಿದರೆ ಕಳ್ಳನ ಪುಣ್ಯ, ಓಡದಿದ್ದರೆ ಅವನ ಕರ್ಮ ಎಂದ. ಬಾಗಿಲ ಹತ್ತಿರ ನಿಂತು ಇದನ್ನೆಲ್ಲ ಕೇಳುತ್ತಿದ್ದ ರೂಪಾ ಅಡುಗೆಮನೆಗೆ ಹೋಗಿ ಅಮ್ಮನನ್ನು ಏನೋ ಕೇಳಿದಳು. ನಮ್ಮ ಮನೆಯಲ್ಲಿ ಮಾತು ನಡೆಯುತ್ತಿದ್ದುದು ಹೀಗೆ: ನಾವು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರ ಹೇಳುವುದು. ವಿಮಲಾ ಹೇಳಿದ್ದು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು. "ಆ ಕೆಂಪುದು ಬರೀ ಹೆದರಿಸೋಕೆ ಕಂದ. ಅದರಿಂದ ಯಾರಿಗೂ ಏನೂ ಆಗಲ್ಲ."

ರಿವಾಲ್ವರನ್ನು ಮಲಗುವ ಕೋಣೆಯ ಗೋಡೆಗೆ ಕೂರಿಸಿದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ತೋಟಾಗಳು ಅದರ ಜೊತೆಯಲ್ಲೇ ಇರುವುದು ವಿಮಲಾಗೆ ಒಪ್ಪಿಗೆಯಾಗಲಿಲ್ಲ. ಒಂದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಎರಡೂ ಬಗೆಯವನ್ನು ಹಾಕಿ, ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ರಾಗಿ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಳು. ಇಲ್ಲಿ ವಿಂಬಿ ಎಂಬ ಹೆಸರಿನಲ್ಲಿ ರಾಗಿ ಸಿಗುತ್ತದೆ; ಮುದ್ದೆಗೆ ಒಂದು ಚೂರೂ ಮೋಸವಿಲ್ಲ. ಯಾವ ಕಳ್ಳನೂ ರಾಗಿ ಹಿಟ್ಟಿಗೆ ಕೈಹಾಕುವುದಿಲ್ಲ ಎಂಬುದು ಅವಳ ವಾದ. ಹಾಗಾದರೆ ಕಳ್ಳ ಬಂದಾಗ ಅವನನ್ನು ಕೂರಿಸಿ, ಕಾಫಿ ಕೊಟ್ಟು, ಆಮೇಲೆ ಅಡುಗೆಮನೆಗೆ ಹೋಗಿ ತೋಟಾ ತರಬೇಕಾಗುತ್ತದೆ ಎಂದು ಫೆಲಿಕ್ಸ್ ನಕ್ಕ. ನನಗೆ ಒಳಗೊಳಗೇ ಸಮಾಧಾನವಾಗಿತ್ತು.

ಆ ವರ್ಷದ ಆಯುಧಪೂಜೆಯನ್ನು ನಾನು ಮರೆಯಲಾರೆ. ಪ್ರತಿ ವರ್ಷ ಕಾರಿನ ಕೀಲಿ, ಕತ್ತರಿ, ತೆಂಗಿನತುರಿ ಮಣೆ, ನನ್ನ ಮಣ್ಣು ಬಗೆಯುವ ಕೊರೆಗೋಲು ಇಷ್ಟನ್ನೇ ಇಟ್ಟು ಪೂಜೆ ಮಾಡುತ್ತಿದ್ದೆವು. ಈ ಸಲ ನಿಜವಾದ ಆಯುಧವಿದೆಯಲ್ಲ ಎಂದು ವಿಮಲಾ ಉತ್ಸಾಹದಿಂದ ಅದನ್ನು ತಟ್ಟೆಯಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಸೇವಂತಿಗೆ ಇಟ್ಟಳು. ಆಮೇಲೆ ನಾನೂ ಫೆಲಿಕ್ಸನೂ ಕೂತು ಹಲ್ಲುಜ್ಜುವ ಬ್ರಷ್ಷಿನಿಂದ ಅದರ ಸಂದುಗೊಂದುಗಳ ಕುಂಕುಮ ತೆಗೆದೆವು. ಕ್ರಿಸ್ತನ ಭಕ್ತನಿಗೆ ಈ ಗತಿ ಬರಬಾರದಿತ್ತು ಎಂದು ಅವನು ಗೊಣಗಿದ.

ಅದನ್ನು ಹಾರಿಸಿದ್ದು ಒಂದೇ ಸಲ. ಫೆಬ್ರವರಿಯ ಬಿಸಿಲಿನಲ್ಲಿ ವಿಮಲಾ ಹಿತ್ತಿಲಲ್ಲಿ ಪಂಚೆ ಹಾಸಿ ಸಂಡಿಗೆ ಇಟ್ಟಿದ್ದಳು. ಅದರ ಪಕ್ಕದಲ್ಲೇ ದಪ್ಪನೆಯ ಮಂಡಲದ ಹಾವೊಂದು ಬಂದು ಮಲಗಿತ್ತು. ಕೂಗು ಕೇಳಿ ನಾನು ಪೆಟ್ಟಿಗೆ ತೆರೆದು, ಅಡುಗೆಮನೆಗೆ ಓಡಿ, ರಾಗಿ ಡಬ್ಬಿ ಬೀಳಿಸಿ, ಮೈಯೆಲ್ಲ ಹಿಟ್ಟಾಗಿ, ಕೆಂಪು ತೋಟಾ ತುಂಬಿಕೊಂಡು ಬಂದೆ. ನಾನು ಕಣ್ಣು ಮುಚ್ಚಿಕೊಂಡು ಹಾರಿಸಿದೆನೆಂದು ರೂಪಾ ಆಮೇಲೆ ಎಲ್ಲರಿಗೂ ಹೇಳಿದಳು. ಹಾವು ನಿಧಾನವಾಗಿ, ಅವಮಾನಪಟ್ಟ ಹಿರಿಯರಂತೆ, ಬೇಲಿಯ ಕಡೆಗೆ ಹೊರಟುಹೋಯಿತು. ಚರೆಯೆಲ್ಲ ಸಂಡಿಗೆಯೊಳಕ್ಕೆ ಹೋಗಿತ್ತು. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಎಸೆಯಲು ವಿಮಲಾಗೆ ಮನಸ್ಸಾಗದೆ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಆರಿಸಿಟ್ಟಳು. ಆ ಬೇಸಿಗೆಯಲ್ಲಿ ನಮ್ಮ ಮನೆಗೆ ಊಟಕ್ಕೆ ಬಂದವರಿಗೆಲ್ಲ, ಸಂಡಿಗೆ ಮೆಲ್ಲಗೆ ಕಡೀರಿ ಎಂದು ಎಚ್ಚರಿಕೆ ಹೇಳುವುದು ರೂಪಾಳ ಕೆಲಸವಾಗಿತ್ತು. ಅವಳು ಅದನ್ನು ಗಂಭೀರವಾಗಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

ಕಳ್ಳರು ಮತ್ತೆ ಬರಲಿಲ್ಲ. ಮೂರು ವರ್ಷ ಕಳೆಯಿತು. ರಿವಾಲ್ವರ್ ಇರುವುದೇ ನನಗೆ ಮರೆತುಹೋಗುವಷ್ಟು ನಿಶ್ಚಿಂತೆಯಾಗಿದ್ದೆವು.

ವಿಮಲಾ ಏಪ್ರಿಲ್‌ನಲ್ಲಿ ಹೊಟ್ಟೆ ನೋಯುತ್ತದೆ ಎಂದಳು. ಅಡಿಗೆ ಸೋಡಾ, ಜೀರಿಗೆ ಕಷಾಯ, ಫೆಲಿಕ್ಸ್ ಕೊಟ್ಟ ಮಾತ್ರೆ ಎಲ್ಲ ಆಯಿತು. ಮೇ ತಿಂಗಳಲ್ಲಿ ಕಣ್ಣು ಹಳದಿಯಾಯಿತು. ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು, ಒಂದು ಕಡೆ ಬೆರಳಿಟ್ಟು ತೋರಿಸಿದರು. ಮೇದೋಜೀರಕ ಗ್ರಂಥಿ ಎಂಬುದೊಂದು ದೇಹದಲ್ಲಿದೆ ಎಂಬುದನ್ನು ನಾನು ಹೈಸ್ಕೂಲಿನಲ್ಲಿ ಕಲಿತು ಮರೆತಿದ್ದೆ. ಕ್ಯಾನ್ಸರ್ ಅಲ್ಲಿಂದ ಎಲ್ಲ ಕಡೆಗೂ ಹಬ್ಬಿತ್ತು. ಊರಿಗೆ ಕರೆದುಕೊಂಡು ಹೋಗಲೇ ಎಂದು ಕೇಳಿದೆ. ರೂಪಾಳ ಪರೀಕ್ಷೆ ಮುಗಿಯಲಿ ಎಂದಳು. ಪರೀಕ್ಷೆ ಮುಗಿಯಿತು, ವಿಮಾನದಲ್ಲಿ ಕೂರುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಜುಲೈನ ಚಳಿಯಲ್ಲಿ, ಒಂದು ಬೆಳಿಗ್ಗೆ, ನಾನು ಕೈಹಿಡಿದುಕೊಂಡಿದ್ದಾಗಲೇ ಹೋದಳು. ಕಿಟಕಿಗೆ ಸರಳು, ಓಣಿಗೆ ಗೇಟು, ಗೋಡೆಯಲ್ಲಿ ರಿವಾಲ್ವರ್ ಎಲ್ಲವೂ ಇದ್ದ ಮನೆಯಿಂದ.

ಜುಲೈ ಆಗಸ್ಟಿನಲ್ಲಿ ನೈರೋಬಿಯ ಆಕಾಶ ಬೂದಿಯ ಬಣ್ಣಕ್ಕಿರುತ್ತದೆ. ಆ ದಿನಗಳಲ್ಲಿ ವಿದ್ಯಾರ್ಥಿಗಳ ಗಲಾಟೆಯಿಂದ ಕಾಲೇಜಿಗೂ ರಜೆ ಬಿದ್ದಿತ್ತು. ಬೆಳಿಗ್ಗೆ ರೂಪಾಳನ್ನು ಕರೆನ್‌ನಲ್ಲಿದ್ದ ಅವಳ ಶಾಲೆಗೆ ಕಾರಿನಲ್ಲಿ ಬಿಟ್ಟು ಬರುತ್ತಿದ್ದೆ. ಮನೆಗೆ ಬಂದ ಮೇಲೆ ಸಂಜೆಯವರೆಗೂ ಮಾಡಲು ಏನೂ ಇರುತ್ತಿರಲಿಲ್ಲ. ಹೀಗಿರುವಾಗ ಒಂದು ದಿನ ವಿಮಲಾಳ ಬಳೆಗಳನ್ನು ಇಡಲು ಕಬ್ಬಿಣದ ಪೆಟ್ಟಿಗೆ ತೆರೆದೆ. ರಿವಾಲ್ವರಿನ ಮೇಲೆ ಧೂಳು ಕೂತಿತ್ತು. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಎಣ್ಣೆಬಟ್ಟೆಯಿಂದ ಅದನ್ನು ಒರೆಸಿದೆ. ಕೈಗೆ ಒಂದು ಕೆಲಸ ಸಿಕ್ಕಿತು. ಮರುದಿನವೂ ಒರೆಸಿದೆ. ಆಮೇಲೆ ಅದೇ ರೂಢಿಯಾಯಿತು. ಕೆಲವರು ಜಪಮಾಲೆ ಎಣಿಸುತ್ತಾರೆ, ಕೆಲವರು ಇಸ್ಪೀಟು ಹರಡಿಕೊಂಡು ಕೂರುತ್ತಾರೆ. ನಾನು ಆ ವಿಕಾರವಾದ ಕಬ್ಬಿಣವನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಿದ್ದೆ. ಶನಿವಾರ ಭಾನುವಾರಗಳಲ್ಲಿ ರೂಪಾ ಓಣಿಯಲ್ಲಿ ಹಾದುಹೋಗುತ್ತಿದ್ದಳು, ಒಂದು ಕ್ಷಣ ನಿಲ್ಲುತ್ತಿದ್ದಳು, ಏನಾದರೂ ಬೇಕಾ ಎಂದು ನಾನು ಕೇಳಿದರೆ "ನಥಿಂಗ್ ಅಪ್ಪ" ಎಂದು ಹೋಗುತ್ತಿದ್ದಳು. ಆಗ ಅವಳಿಗೆ ಹದಿನಾಲ್ಕು.

ಅಕ್ಟೋಬರಿನಲ್ಲಿ ಒಂದು ದಿನ, ಊಟದ ಹೊತ್ತಿಗೆ, ಶಾಲೆಯ ಹೆಡ್‌ಮಿಸ್ಟ್ರೆಸ್ ಫೋನ್ ಮಾಡಿದರು. ರೂಪಾ ಆರೋಗ್ಯವಾಗಿದ್ದಾಳೆ, ಆದರೆ ನೀವು ಈಗಲೇ ಬರಬೇಕು ಎಂದರು. ಲೊರೆಶೋದಿಂದ ಕರೆನ್ ಊರಿನ ಆ ತುದಿ. ದಾರಿಯಲ್ಲಿ ಜನ ತುಂಬಿದ ಬಾಡಿಗೆ ವ್ಯಾನುಗಳು, ಇಲ್ಲಿನ ಮಟಾಟುಗಳು, ಅಡ್ಡಾದಿಡ್ಡಿ ನುಗ್ಗುತ್ತಿದ್ದವು. ಪರೀಕ್ಷೆಯಲ್ಲಿ ಫೇಲಾಗಿರಬಹುದು, ಯಾರ ಜೊತೆಗೋ ಜಗಳವಾಡಿರಬಹುದು, ಹುಡುಗರ ವಿಷಯವಿರಬಹುದು ಎಂದು ಏನೇನೋ ಅಂದುಕೊಳ್ಳುತ್ತ ಹೋದೆ. ಇಂಥ ಹೊತ್ತಿನಲ್ಲಿ ವಿಮಲಾ ಇರಬೇಕಿತ್ತು, ಹೆಣ್ಣುಮಕ್ಕಳ ವಿಷಯ ನನಗೆ ತಿಳಿಯುವುದಿಲ್ಲ ಎಂದು ಅವಳ ಮೇಲೆ ಸಿಟ್ಟೂ ಬಂತು.

ಹೆಡ್‌ಮಿಸ್ಟ್ರೆಸ್ ಇಲ್ಲಿನ ಕಿಕುಯು ಜನಾಂಗದ ಹೆಂಗಸು. ಗಟ್ಟಿಯಾಗಿ ಮಾತಾಡುವವರಲ್ಲ. ಅವರ ಮೇಜಿನ ಮೇಲೆ ಬಿಳಿ ಕರವಸ್ತ್ರ ಹಾಸಿತ್ತು. ಅದರ ಮೇಲೆ ನಮ್ಮ ಮನೆಯ ಹಿತ್ತಾಳೆ ಗುಂಡುಗಳೂ ಕೆಂಪು ತೋಟಾಗಳೂ ಸಾಲಾಗಿದ್ದವು. ಮೆಟ್ಟಿಲ ಮೇಲೆ ಯಾರದೋ ಕೈ ತಾಗಿ ರೂಪಾಳ ಚೀಲ ಬಿದ್ದಿತಂತೆ. ಒಳಗಿದ್ದ ಕಾಲುಚೀಲದ ಗಂಟು ಬಿಚ್ಚಿ ಇವು ಮೆಟ್ಟಿಲಿಳಿದು ಉರುಳಿದವಂತೆ. ಮಗಳು ಮೂಲೆಯ ಕುರ್ಚಿಯಲ್ಲಿ ನೆಲ ನೋಡುತ್ತ ಕೂತಿದ್ದಳು.

ಹೆಡ್‌ಮಿಸ್ಟ್ರೆಸ್ ನಿಧಾನವಾಗಿ ಹೇಳಿದರು. ಕೋವಿ ತಂದಿಲ್ಲ, ಚೀಲವೆಲ್ಲ ನೋಡಿದ್ದೇವೆ. ಯಾಕೆ ತಂದೆ ಎಂದು ಎಷ್ಟು ಕೇಳಿದರೂ ಹೇಳುವುದಿಲ್ಲ. ಇಷ್ಟು ವರ್ಷ ಮಕ್ಕಳನ್ನು ನೋಡಿದ್ದೇನೆ, ಇವಳು ಯಾರಿಗೂ ಕೆಡುಕು ಮಾಡಲು ತಂದಿಲ್ಲ ಎಂದು ನನಗೆ ಗೊತ್ತು. ಆದರೆ ಯಾಕೆಂದು ಗೊತ್ತಿಲ್ಲ. ಅದನ್ನು ನೀವು ತಿಳಿದುಕೊಳ್ಳಬೇಕು. ಇವನ್ನು ತೆಗೆದುಕೊಂಡು ಹೋಗಿ. ನಾಳೆ ನೀವೇ ಪೊಲೀಸರ ಹತ್ತಿರ ಹೋಗಿ ಮಾತಾಡಿ. ಅದಾದ ಮೇಲೆ ಇವಳು ಶಾಲೆಗೆ ಬರಲಿ.

ನಾನು ತಲೆಯಾಡಿಸಿದೆ. ಕರವಸ್ತ್ರ ಸಮೇತ ಕಟ್ಟಿಕೊಟ್ಟರು. ಹೊರಗೆ ಬಂದಾಗ ಹುಡುಗಿಯರು ಹಾಕಿ ಆಡುತ್ತಿದ್ದರು. ಆಟದ ಮೈದಾನದ ಪಕ್ಕದ ಗೋಡೆಯ ನೆರಳಿನಲ್ಲಿ ಕಾರು ನಿಂತಿತ್ತು. ಕೂತೆವು. ನಾನು ಕೀಲಿ ತಿರುಗಿಸಲಿಲ್ಲ. ಬೈಯಬೇಕೆಂದುಕೊಂಡೇ ಬಂದಿದ್ದೆ. ಏನು ರೂಪಾ ಇದು ಎಂದು ಮಾತ್ರ ಕೇಳಿದೆ.

ಅವಳು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಆಮೇಲೆ ಕನ್ನಡದಲ್ಲಿ ಹೇಳಿದಳು. ಒಂದೊಂದೇ ಮಾತನ್ನು ಹುಡುಕಿ ತೆಗೆಯುವವಳ ಹಾಗೆ, ಆದರೆ ತಪ್ಪಿಲ್ಲದೆ, ತಾಯಿಯ ದನಿಯಲ್ಲಿ.

"ನೀನು ದಿನಾ ಅದನ್ನ ಒರೆಸ್ತಾ ಕೂತಿರ್ತೀಯ."

"ತುಕ್ಕು ಹಿಡಿಬಾರದಲ್ಲ ಮರಿ, ಅದಕ್ಕೆ."

"ತುಕ್ಕು ಇರ್ಲಿಲ್ಲ ಅಪ್ಪ. ನಾನು ನೋಡ್ದೆ." ಕಿಟಕಿಯ ಕಡೆಗೆ ತಿರುಗಿಕೊಂಡಳು. "ನಾನು ಸ್ಕೂಲಿಗೆ ಬಂದ್ಮೇಲೆ ಮನೇಲಿ ನೀನೊಬ್ನೇ. ಅದಕ್ಕೇ ಇವನ್ನ ತಗೊಂಡು ಬರ್ತಿದ್ದೆ. ಸಾಯಂಕಾಲ ಮತ್ತೆ ಅಲ್ಲೇ ಇಡ್ತಿದ್ದೆ."

ನನಗೆ ತಕ್ಷಣ ಅರ್ಥವಾಗಲಿಲ್ಲ.  ಅರ್ಥವಾದಾಗ ಕೇಳಬಾರದ ಪ್ರಶ್ನೆಯೊಂದನ್ನು ಕೇಳಿದೆ. "ಮತ್ತೆ ಯಾಕೆ ಇಡ್ತಿದ್ದೆ?"

"ರಾತ್ರಿ ಕಳ್ಳರು ಬಂದ್ರೆ?"

ಹಾಕಿ ಆಡುತ್ತಿದ್ದ ಹುಡುಗಿಯರು ಗೋಲು ಹೊಡೆದು ಕೂಗಿಕೊಂಡರು. ನಾನು ಸ್ಟಿಯರಿಂಗ್ ಹಿಡಿದುಕೊಂಡು ಕೂತಿದ್ದೆ. ಹಗಲು ತಂದೆಯನ್ನು ರಿವಾಲ್ವರಿನಿಂದ ಕಾಯಬೇಕು, ರಾತ್ರಿ ರಿವಾಲ್ವರ್ ಹಿಡಿದ ತಂದೆ ತನ್ನನ್ನು ಕಾಯಬೇಕು. ಈ ಎರಡು ಭಯಗಳ ನಡುವೆ ಮಗು ಇಷ್ಟು ದಿನ ಓಡಾಡಿದ್ದಳು. ಅವಳನ್ನು ದಿನವೂ ಶಾಲೆಗೆ ಕರೆದುಕೊಂಡು ಬರುತ್ತಿದ್ದವನು ನಾನೇ. ಚೀಲ ನನ್ನ ಪಕ್ಕದಲ್ಲೇ ಇರುತ್ತಿತ್ತು.

ಉಳಿದುದನ್ನೂ ಅವಳೇ ಹೇಳಿದಳು. ಮೊದಲು ಹಿತ್ತಾಳೆಯವನ್ನು ಮಾತ್ರ ತರುತ್ತಿದ್ದಳಂತೆ. ಕೆಂಪಿನವು ಬರೀ ಹೆದರಿಸುವುದಕ್ಕೆ ಎಂದು ಅಮ್ಮ ಹೇಳಿದ್ದಳಲ್ಲ, ಅವನ್ನು ಡಬ್ಬಿಯಲ್ಲೇ ಬಿಡುತ್ತಿದ್ದಳಂತೆ. ಆಮೇಲೊಂದು ಭಾನುವಾರ ಫೆಲಿಕ್ಸನ ಮನೆಯಲ್ಲಿ ಊಟ. ವಿಮಲಾ ಹೋದ ಮೇಲೆ ಭಾನುವಾರಗಳಲ್ಲಿ ಅವರು ನಮ್ಮನ್ನು ಬಿಡುತ್ತಿರಲಿಲ್ಲ. ಯಾರೋ ಅತಿಥಿ ನನ್ನ ರಿವಾಲ್ವರಿನ ವಿಷಯ ಎತ್ತಿದರು. ಚರೆಯ ತೋಟಾ ದೂರಕ್ಕೆ ಮಾತ್ರ ಆಟಿಕೆ, ಹತ್ತಿರದಿಂದ ಹಾರಿಸಿದರೆ ಗುಂಡಿಗಿಂತಲೂ ಕೆಟ್ಟದ್ದು ಎಂದು ಫೆಲಿಕ್ಸ್ ವಿವರಿಸಿದ. ನನಗೆ ಆ ಮಾತಿರಲಿ, ಅಂದು ಏನು ತಿಂದೆ ಎಂಬುದೂ ನೆನಪಿಲ್ಲ. ರೂಪಾ ಪುಡ್ಡಿಂಗ್ ಬಡಿಸುತ್ತಿದ್ದಳು. ಮರುದಿನದಿಂದ ಕೆಂಪಿನವನ್ನೂ ಕಾಲುಚೀಲಕ್ಕೆ ತುಂಬಿದಳು.

"ಅಮ್ಮಂಗೆ ಗೊತ್ತಿರ್ಲಿಲ್ಲ ಅನ್ಸುತ್ತೆ," ಎಂದಳು.

ನಾನು ಆ ಡಬ್ಬಿಯನ್ನು ಒಂದು ದಿನವೂ ತೆರೆದಿರಲಿಲ್ಲ. ಅದನ್ನು ಅವಳಿಗೆ ಹೇಳಿದೆ. ಒರೆಸುವುದಷ್ಟೇ ಮರಿ, ಬೇರೆ ಏನೂ ಇರಲಿಲ್ಲ ಎಂದೆ. ಅವಳು ನನ್ನ ಮುಖ ನೋಡಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ನಾನು ಹೇಳಿದ್ದು ನಿಜ. ಆದರೂ ಇಷ್ಟು ವರ್ಷಗಳಾದ ಮೇಲೆ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ, ಆ ಮಧ್ಯಾಹ್ನಗಳಲ್ಲಿ ನನ್ನ ತಲೆಯೊಳಗೆ ಏನಿತ್ತು ಎಂದು. ಏನೂ ಇರಲಿಲ್ಲ. ಹಸಿವಿರಲಿಲ್ಲ, ನಾಳೆ ಎಂಬುದಿರಲಿಲ್ಲ, ಸಂಜೆ ಶಾಲೆಯಿಂದ ಬರುವ ಮಗಳೂ ಇರಲಿಲ್ಲ. ಓಣಿಯಲ್ಲಿ ನಿಂತು ಅವಳು ನೋಡಿದ್ದು ಆ ಏನೂ ಇಲ್ಲದಿರುವುದನ್ನೇ. ಅದು ಎಲ್ಲಿಗೆ ಹೋಗಿ ಮುಟ್ಟುತ್ತಿತ್ತೋ ನನಗೇ ಗೊತ್ತಿಲ್ಲ. ಅವಳು ಕಾದು ನೋಡಲು ಸಿದ್ಧಳಿರಲಿಲ್ಲ.

"ಅದನ್ನ ಕೊಟ್ಬಿಡು ಅಪ್ಪ," ಎಂದಳು. "ಕಳ್ಳರು ಬಂದ್ರೆ ಬರ್ಲಿ. ಗೇಟ್ ಇದೆಯಲ್ಲ."

ಮರುದಿನ ಬೆಳಿಗ್ಗೆ ಫೆಲಿಕ್ಸ್ ತನ್ನ ಕಾರು ತಂದ. ದಾರಿಯಲ್ಲಿ ಅವನಿಗೆ ಎಲ್ಲ ಹೇಳಿದೆ. ಅವನು ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿಕೊಂಡ.

"ನಾನು ಎಂತ ಮಾತಾಡಿದೆ ಮಾರಾಯ್ರೆ," ಎಂದ. "ಆ ಮಗು ಅಲ್ಲೇ ಇತ್ತು. ನನಗೆ ಗೊತ್ತೇ ಆಗ್ಲಿಲ್ಲ."

ನೀನು ಹೇಳಿದ್ದರಿಂದಲೇ ಅವಳು ಎರಡನ್ನೂ ತೆಗೆದುಕೊಂಡು ಹೋಗತೊಡಗಿದ್ದು ಎಂದೆ. ಅದು ಅವನಿಗೆ ಸಮಾಧಾನವಾಯಿತೋ, ಇನ್ನಷ್ಟು ಸಂಕಟವಾಯಿತೋ, ಹೇಳಲಾರೆ.  

ಠಾಣೆಯ ಅಧಿಕಾರಿ ಯುವಕ. ಅಂಥದ್ದನ್ನು ಅವನು ನೋಡಿರಲಿಲ್ಲ. ಕೆಂಪು ತೋಟಾ ಹಾಕಿ ನೋಡಿದ, ತೆಗೆದು ಹಿತ್ತಾಳೆಯದನ್ನು ಹಾಕಿ ನೋಡಿದ, ಇನ್ನೊಬ್ಬನನ್ನು ಕರೆದು ತೋರಿಸಿದ. ಇಷ್ಟು ಅಪರೂಪದ್ದನ್ನು ಯಾಕೆ ಹಿಂದಿರುಗಿಸುತ್ತಿದ್ದೀರಿ ಪ್ರೊಫೆಸರ್ ಎಂದು ಇಂಗ್ಲಿಷಿನಲ್ಲಿ ಕೇಳಿದ. ದಾರಿಯುದ್ದಕ್ಕೂ ಈ ಪ್ರಶ್ನೆಗೆ ಉತ್ತರ ಕಟ್ಟಿಕೊಂಡಿದ್ದೆ. ಬಾಯಿಗೆ ಬಂದದ್ದು ಮಾತ್ರ ಬೇರೆ: ನನ್ನ ಹೆಂಡತಿ ತೀರಿಕೊಂಡಳು. ಅವನು ರಿವಾಲ್ವರನ್ನು ಮೇಜಿನ ಮೇಲಿಟ್ಟು, "ಪೋಲೆ ಸಾನಾ, ಮ್ಜೆ," ಎಂದ. ತುಂಬಾ ದುಃಖವಾಯಿತು, ಹಿರಿಯರೇ, ಎಂದು ಅದರ ಅರ್ಥ. ಆಮೇಲೆ ಏನೂ ಕೇಳಲಿಲ್ಲ.

ಮನೆಗೆ ಬಂದು ಗೋಡೆಯ ಕಬ್ಬಿಣದ ಪೆಟ್ಟಿಗೆಯ ಬಾಗಿಲು ತೆರೆದು, ಒಳಗೆ ಬಳೆಗಳು ಬಿಟ್ಟು ಏನಿಲ್ಲ ಎಂದು ರೂಪಾಗೆ ತೋರಿಸಿದೆ. ಅವಳು ಕೈಹಾಕಿ ಮೂಲೆಯವರೆಗೂ ಸವರಿ ನೋಡಿದಳು. ನಂತರ, ಇವತ್ತು ಅಡುಗೆ ನಾನು ಮಾಡುತ್ತೇನೆ ಎಂದಳು, ಮತ್ತೆ ಇಂಗ್ಲಿಷಿನಲ್ಲಿ. ವಿಮಲಾ ಹೋದ ಮೇಲೆ ನಾವು ತಿನ್ನುತ್ತಿದ್ದುದು ಬ್ರೆಡ್ಡು, ಫೆಲಿಕ್ಸನ ಮನೆಯವರು ಕಳಿಸಿದ ಪಲ್ಯ, ಇಷ್ಟೇ. ಅವಳು ಬೇಳೆ ಬೇಯಿಸಿದಳು, ಹುಣಸೆಹಣ್ಣು ಕಿವುಚಿದಳು, ಸಾರಿನ ಪುಡಿಯ ಡಬ್ಬಿಯಲ್ಲಿ ತಳಕ್ಕೆ ಅಂಟಿಕೊಂಡಿದ್ದುದನ್ನು ಕೆರೆದು ಹಾಕಿದಳು. ಅದು ವಿಮಲಾ ಮಾಡಿಟ್ಟಿದ್ದ ಕಡೆಯ ಪುಡಿ. ನಾನು ಸ್ಟೂಲಿನ ಮೇಲೆ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆ.

ಒಗ್ಗರಣೆಗೆ ತುಪ್ಪ ಕಾಯುತ್ತಿತ್ತು. ರೂಪಾ ಒಂದು ಕೈಯಲ್ಲಿ ಸಾಸಿವೆ, ಒಂದು ಕೈಯಲ್ಲಿ ಇಂಗಿನ ಡಬ್ಬಿ ಹಿಡಿದು ನಿಂತಳು. "ಅಪ್ಪ, ಅಮ್ಮ ಯಾವುದನ್ನ ಮೊದಲು ಹಾಕ್ತಿದ್ಲು?"

ಇಪ್ಪತ್ತು ವರ್ಷ ದಿನವೂ ಆ ಸಾರು ಉಂಡವನು ನಾ‌ನು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಮರಿ ಎಂದೆ.

 ಅವಳು ಎರಡನ್ನೂ ಕಟ್ಟೆಯ ಮೇಲಿಟ್ಟು, ನೆಲದ ಮೇಲೆ ಕುಸಿದು ಕೂತು, ಮಂಡಿಗೆ ಮುಖ ಒತ್ತಿಕೊಂಡು ಅಳತೊಡಗಿದಳು. ಚಿಕ್ಕ ಮಕ್ಕಳು ಅಳುವ ಹಾಗೆ, ದನಿಯೆತ್ತಿ, ಉಸಿರು ಕಟ್ಟುವ ಹಾಗೆ ಅತ್ತಳು. ಆಸ್ಪತ್ರೆಯಲ್ಲಾಗಲಿ, ಚಿತಾಗಾರದಲ್ಲಾಗಲಿ, ಆ ಮೂರು ತಿಂಗಳಲ್ಲಾಗಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ ಎಂಬುದು ಆಗ ಹೊಳೆಯಿತು. ಅವಳಿಗೆ ಪುರುಸೊತ್ತಿರಲಿಲ್ಲ.

ತುಪ್ಪ ಹೊಗೆಯಾಡುತ್ತಿತ್ತು. ನಾನು ಒಲೆ ಆರಿಸಿ, ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ.